ಹಗುರ ಕವಚದ ಪರವಾಗಿ

ಮೊದಲೇ ಹೇಳಿಬಿಡುತ್ತೇನೆ, ನಾನು ಹಗುರ ಕವಚದ ಪಕ್ಷದವನು. ಫ್ಯಾಂಟಸಿ ಗೇಮುಗಳನ್ನು ಆಡುವವರ ನಡುವೆ ಇದೊಂದು ಹಳೆಯ, ಮುಗಿಯದ ವ್ಯಾಜ್ಯ. ಹೆವಿ ಆರ್ಮರ್ ತೊಡಬೇಕೋ ಲೈಟ್ ಆರ್ಮರ್ ತೊಡಬೇಕೋ ಎಂಬ ಒಂದೇ ಪ್ರಶ್ನೆಯ ಮೇಲೆ ಧಾರವಾಡದ ಹಾಸ್ಟೆಲ್ ಕೋಣೆಗಳಲ್ಲಿ ರಾತ್ರಿ ಎರಡರ ತನಕ ವಾದ ನಡೆದದ್ದನ್ನು ಕಂಡಿದ್ದೇನೆ, ನಡೆಸಿದ್ದೇನೆ. ಆ ವಾದದಲ್ಲಿ ಭಾರದ ಪಕ್ಷದವರ ದನಿಯೇ ಯಾವಾಗಲೂ ದೊಡ್ಡದು. ಹಗುರ ಕವಚ ಕಳ್ಳರಿಗೆ, ಕದ್ದು ಕೂತು ಬಾಣ ಬಿಡುವವರಿಗೆ; ಗಂಡಸಾದವನು ಉಕ್ಕು ತೊಟ್ಟು ಎದುರು ನಿಲ್ಲಬೇಕು ಎಂಬುದು ಅವರ ನಿಲುವು. ಈ ನಿಲುವು ಲೆಕ್ಕದಲ್ಲಿ ಅರ್ಧ ಸರಿ, ಇತಿಹಾಸದಲ್ಲಿ ತಪ್ಪು, ಹೊಲದಲ್ಲಿ ಅಪಾಯ. ಈ ಮೂರನ್ನೂ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಆಡದವರಿಗಾಗಿ ಎರಡು ಮಾತು. ಇಂಥ ಗೇಮಿನಲ್ಲಿ ನೀವೊಂದು ಪಾತ್ರ ಕಟ್ಟುತ್ತೀರಿ, ಅದಕ್ಕೆ ಆಯುಧ ಕೊಡುತ್ತೀರಿ, ಮೈಗೆ ಕವಚ ತೊಡಿಸುತ್ತೀರಿ. ಅಡಿಯಿಂದ ಮುಡಿಯವರೆಗೆ ಉಕ್ಕಿನ ತಗಡು ತೊಡಿಸಿದರೆ ಏಟು ಬಿದ್ದರೂ ತಾಳುತ್ತದೆ; ಆದರೆ ಪಾತ್ರ ನಿಧಾನವಾಗುತ್ತದೆ, ಸದ್ದು ಮಾಡುತ್ತದೆ, ಬೇಗ ದಣಿಯುತ್ತದೆ. ತೊಗಲಿನದೋ ಬಟ್ಟೆಯದೋ ತೊಡಿಸಿದರೆ ಓಡಬಹುದು, ಬಗ್ಗಬಹುದು, ಏಟನ್ನು ತಪ್ಪಿಸಬಹುದು. ಬಿದ್ದರೆ ಮಾತ್ರ ಜೋರಾಗಿ ಬೀಳುತ್ತದೆ. 2011ರಲ್ಲಿ ಬಂದ ಸ್ಕೈರಿಮ್‌ನಲ್ಲಿ ಇವೆರಡೂ ಬೇರೆಬೇರೆ ವಿದ್ಯೆಗಳು. ಒಂದನ್ನು ಕಲಿತರೆ ಇನ್ನೊಂದು ಬಂದಂತಾಗುವುದಿಲ್ಲ. ಕಾಗದ ಮತ್ತು ದಾಳ ಇಟ್ಟುಕೊಂಡು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಹಗುರ, ನಡು, ಭಾರ ಎಂದು ಮೂರು ಸಾಲಿನ ಕೋಷ್ಟಕವೇ ಇದೆ.

ಸಾಹಿತ್ಯದ ಪತ್ರಿಕೆಯಲ್ಲಿ ಗೇಮಿನ ಕೋಷ್ಟಕಕ್ಕೇನು ಕೆಲಸ ಎಂದು ಹುಬ್ಬೇರಿಸುವವರಿಗೂ ಒಂದು ಮಾತು. ಕವಚವನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬ ಪ್ರಶ್ನೆಯನ್ನು ಮಧ್ಯೆ ಇಟ್ಟುಕೊಂಡ ಕರ್ಣನ ಕಥೆಯನ್ನು ಕನ್ನಡ ಸಾವಿರ ವರ್ಷದಿಂದ ಹೇಳಿಕೊಂಡು ಬಂದಿದೆ. ಇಂದಿನ ಹುಡುಗರು ಅದೇ ಪ್ರಶ್ನೆಯನ್ನು ಪರದೆಯ ಮೇಲೆ ಕೇಳಿಕೊಳ್ಳುತ್ತಿದ್ದಾರೆ. ಅಲ್ಲಿ ಸಿಗುವ ಉತ್ತರ ಅವರ ತಲೆಯಲ್ಲಿ ಉಳಿಯುತ್ತದೆ. ಯಾವ ಉತ್ತರ ಉಳಿಯುತ್ತದೆ ಎಂದು ನೋಡುವುದು ಓದುಗರ ಕೆಲಸವೇ.

ಲೆಕ್ಕದಿಂದ ಶುರು ಮಾಡೋಣ, ಏಕೆಂದರೆ ಭಾರದ ಪಕ್ಷದವರು ಅಲ್ಲಿಂದಲೇ ಶುರು ಮಾಡುತ್ತಾರೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಐದನೆಯ ಆವೃತ್ತಿಯಲ್ಲಿ ಪೂರ್ಣ ಉಕ್ಕಿನ ಕವಚದ ರಕ್ಷಣೆ 18. ಮೊಳೆ ಹೊಡೆದ ತೊಗಲಿನ ಕವಚದ್ದು 12, ಅದರ ಮೇಲೆ ಪಾತ್ರದ ಚುರುಕುತನದ ಅಂಕ. ಚುರುಕುತನ ತುದಿ ಮುಟ್ಟಿದವನಿಗೆ ಐದು ಸೇರಿ 17 ಆಗುತ್ತದೆ. ಹದಿನೆಂಟಕ್ಕೂ ಹದಿನೇಳಕ್ಕೂ ಇರುವುದು ಒಂದೇ ಅಂಕದ ಅಂತರ. ಸ್ಕೈರಿಮ್‌ನಲ್ಲಿ ಯಾವ ಕವಚ ತೊಟ್ಟರೂ ತಡೆಯ ಮಿತಿ 80 ಪ್ರತಿಶತ. ಕಮ್ಮಾರಿಕೆ ಕಲಿತವನು ಹಗುರ ಕವಚದಲ್ಲೂ ಆ ಮಿತಿ ಮುಟ್ಟಬಲ್ಲ. ಆಟದ ಮೊದಲ ಹಂತದಲ್ಲಿ, ಚುರುಕುತನವೂ ಇಲ್ಲದ ಕಮ್ಮಾರಿಕೆಯೂ ಬಾರದ ಪಾತ್ರಕ್ಕೆ, ಭಾರದ ಕವಚವೇ ಲೇಸು. ಇದನ್ನು ನಾನು ಒಪ್ಪುತ್ತೇನೆ. ಅರ್ಧ ಸರಿ ಎಂದದ್ದು ಇದಕ್ಕೇ.

ಉಳಿದ ಅರ್ಧ ಅದೇ ಪುಸ್ತಕದ ಬೆಲೆಪಟ್ಟಿಯಲ್ಲಿದೆ. ಉಕ್ಕಿನ ಕವಚದ ಬೆಲೆ 1,500 ಚಿನ್ನದ ನಾಣ್ಯ. ಅದೇ ಪುಸ್ತಕದಲ್ಲಿ ಕಸುಬು ಬಾರದ ಆಳಿನ ದಿನಗೂಲಿ 2 ಬೆಳ್ಳಿ ನಾಣ್ಯ, ಹತ್ತು ಬೆಳ್ಳಿಗೆ ಒಂದು ಚಿನ್ನ. ಅಂದರೆ ಕೂಲಿಯವನು ಉಣ್ಣದೆ ಉಡದೆ 7,500 ದಿನ ದುಡಿದರೆ ಆ ಕವಚ ಕೊಳ್ಳಬಹುದು. ಇಪ್ಪತ್ತು ವರ್ಷ ದಾಟುತ್ತದೆ. ಆಮೇಲೆ ಅದನ್ನು ಹೊರಲು 15ರಷ್ಟು ಬಲ ಬೇಕು. ಇಲ್ಲದಿದ್ದರೆ ನಡಿಗೆಯ ವೇಗ ಕಡಿಮೆಯಾಗುತ್ತದೆ. ನಾವು ಆಡುವಾಗ ಈ ಲೆಕ್ಕ ಮಾಡುವುದಿಲ್ಲ. ಗೇಮಿನಲ್ಲಿ ನಾವು ಯಾರೂ ಕೂಲಿಯವರಾಗಿ ಹುಟ್ಟುವುದಿಲ್ಲ. ನಾಲ್ಕು ಗುಹೆ ಹೊಕ್ಕು ನಾಲ್ಕು ಪೆಟ್ಟಿಗೆ ತೆರೆದರೆ ಚಿನ್ನ ಸಿಗುತ್ತದೆ. ಆಯ್ಕೆ ಎಂಬ ಪದ ಇಷ್ಟು ಸಲೀಸಾಗಿ ನಾಲಗೆಗೆ ಬರುವುದು ಅದಕ್ಕೇ. ಯಾವ ಕವಚ ಚೆನ್ನ ಎಂದು ಕೇಳುವ ಮೊದಲು ಕವಚ ಯಾರ ಕೈಗೆಟಕುತ್ತದೆ ಎಂದು ಕೇಳಬೇಕಿತ್ತು.

ಇನ್ನು ಇತಿಹಾಸ. ಅದೇ ಕೋಷ್ಟಕದ ತೀರಾ ತಳದಲ್ಲಿ, 5 ಚಿನ್ನದ ನಾಣ್ಯಕ್ಕೆ, ಒಂದು ಬಡ ಕವಚವಿದೆ: ಪದರ ಪದರವಾಗಿ ಹೊಲಿದ ಬಟ್ಟೆಯದು. ರಕ್ಷಣೆ ಬರೀ 11, ಮೇಲೆ ಚುರುಕುತನದ ಅಂಕ. ಸಾಲದ್ದಕ್ಕೆ, ಅದನ್ನು ತೊಟ್ಟವನು ಸದ್ದಿಲ್ಲದೆ ನಡೆಯಲಾರ ಎಂಬ ದಂಡ ಬೇರೆ. ಬಟ್ಟೆ ತೊಟ್ಟರೆ ಸದ್ದಾಗುತ್ತದೆಯಂತೆ, ತೊಗಲು ತೊಟ್ಟರೆ ಆಗುವುದಿಲ್ಲವಂತೆ! ಕೌದಿ ಹೊದ್ದು ಮಲಗಿದ ಯಾರನ್ನಾದರೂ ಕೇಳಿ ನೋಡಿ, ಹೊರಳಿದಾಗ ಯಾವ ಕೌದಿ ಸದ್ದು ಮಾಡಿದೆ?

ಕೌದಿ ಎಂದದ್ದು ಸುಮ್ಮನೆ ಅಲ್ಲ. ನಮ್ಮ ಕಡೆ ಅವ್ವಂದಿರು ಹಳೆ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಸಣ್ಣ ಟಾಕಿ ಹಾಕಿ ಹೊಲಿಯುವ ಆ ಹೊದಿಕೆಯ ಒಡಹುಟ್ಟಿದ್ದೇ ಜಗತ್ತಿನ ಬಹುಪಾಲು ಸೈನಿಕರ ಕವಚ. ಅದರ ಗುಟ್ಟು ಸರಳ. ಬಾಣದ ಮೊನೆ ಒಂದು ಪದರ ಹರಿದರೆ ಇನ್ನೊಂದು ಪದರದ ನೂಲು ಅದನ್ನು ಹಿಡಿಯುತ್ತದೆ, ಪ್ರತಿ ಪದರದಲ್ಲೂ ವೇಗ ತುಸು ಸೋರಿಹೋಗುತ್ತದೆ. ಗದೆಯ ಏಟು ಬಿದ್ದರೆ ಹತ್ತಿ ಅದನ್ನು ಹೀರಿಕೊಂಡು ಹರಡುತ್ತದೆ. ಕಬ್ಬಿಣದ ಬಳೆಗಳನ್ನು ಹೆಣೆದ ಕವಚ ಕತ್ತಿಯ ಬಾಯನ್ನು ತಡೆದೀತು, ಒಳಗಿನ ಎಲುಬು ಮುರಿಯುವುದನ್ನು ತಡೆಯಲಾರದು. ಅದಕ್ಕೂ ಅಡಿಯಲ್ಲಿ ಹತ್ತಿಯ ಅಂಗಿ ಬೇಕೇ ಬೇಕು. ಯುರೋಪಿನ ನೈಟ್‌ಗಳು ತಗಡಿನ ಅಡಿಗೆ ಇಂಥದ್ದನ್ನೇ ತೊಡುತ್ತಿದ್ದರು. ಅದರ ಒಂದು ಹೆಸರು ಅಕೆಟನ್. ಹತ್ತಿ ಎಂಬರ್ಥದ ಅರಬ್ಬಿ ಪದದಿಂದ ಹುಟ್ಟಿದ್ದು. ಹದಿನೈದನೆಯ ಶತಮಾನದ ಫ್ರಾನ್ಸಿನಲ್ಲಿ ಕಾಲಾಳುಗಳಿಗೆ ಇಪ್ಪತ್ತೈದು ಮೂವತ್ತು ಪದರ ಬಟ್ಟೆಯ ಅಂಗಿಯನ್ನೇ ಗೊತ್ತುಮಾಡಿದ್ದರು. ಭಾರದ ಕವಚ ನಿಂತಿರುವುದೇ ಹಗುರ ಕವಚದ ಹೆಗಲ ಮೇಲೆ. ಗೇಮು ಅದನ್ನು ಒಳಗಿನಿಂದ ಬಿಚ್ಚಿ ತೆಗೆದು, ಬೇರೆ ಸಾಲಿನಲ್ಲಿ ಬರೆದು, ಎಲ್ಲಕ್ಕಿಂತ ಕೀಳು ಎಂದು ಬೆಲೆ ಕಟ್ಟಿತು.

ನಮ್ಮ ನೆಲದ ಸಾಕ್ಷ್ಯವನ್ನೂ ನೋಡಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ರಾಜನ ಸೈನ್ಯದ ಮೆರವಣಿಗೆ ನೋಡಿ, ರಾವುತರು ಪದರವಿಟ್ಟು ಹೊಲಿದ ಅಂಗಿಗಳನ್ನು ತೊಟ್ಟಿದ್ದನ್ನು ವಿವರಿಸಿದ್ದಾನೆ: ಹೊರಗೆ ರೇಷ್ಮೆ, ಮಕಮಲ್ಲು, ಒಳಗೆ ಗಟ್ಟಿ ತೊಗಲಿನ ಪದರ, ಬಲಕ್ಕೆ ಲೋಹದ ತಗಡು. ಅಂದಿನ ದಕ್ಷಿಣ ಭಾರತದ ಬಲಾಢ್ಯ ರಾಜ್ಯದ ಕುದುರೆ ಸವಾರರು, ಬೇಕೆಂದರೆ ಬೆಳ್ಳಿಯ ತಗಡನ್ನೇ ಹೊಲಿಸಿಕೊಳ್ಳುವಷ್ಟು ಉಳ್ಳವರು, ಆರಿಸಿಕೊಂಡದ್ದು ಹೊಲಿದ ಅಂಗಿಯನ್ನು. ಹದಿನೆಂಟನೆಯ ಶತಮಾನದ ಮೈಸೂರಿನಲ್ಲಿ, ಟಿಪ್ಪುವಿನ ಕಾಲದಲ್ಲೂ, ಹತ್ತಿ ತುಂಬಿ ಹೊಲಿದ ಕವಚ, ಶಿರಸ್ತ್ರಾಣಗಳು ಬಳಕೆಯಲ್ಲಿದ್ದವು. ಅಂಥ ಕೆಲವು ಈಗ ಬ್ರಿಟನ್ನಿನ ಸಂಗ್ರಹಗಳಲ್ಲಿವೆ. ಕಡಲಾಚೆಗೆ ಹೋಗಿ ನೋಡಿದರೂ ಇದೇ. 1519ರಲ್ಲಿ ಮೆಕ್ಸಿಕೋಕ್ಕೆ ಇಳಿದ ಸ್ಪೇನಿನವರಲ್ಲಿ ಅನೇಕರು ತಮ್ಮ ಉಕ್ಕನ್ನು ಬದಿಗಿಟ್ಟು ಅಲ್ಲಿಯವರ ಹತ್ತಿಯ ಕವಚವನ್ನೇ ತೊಟ್ಟರು. ಗೆಲ್ಲಲು ಬಂದವರು, ಉಕ್ಕು ಕೈಯಲ್ಲೇ ಇದ್ದವರು, ಆ ಬಿಸಿಲು ಕಂಡ ಮೇಲೆ ಬಟ್ಟೆಗೆ ಇಳಿದರು.

ಬಿಸಿಲು, ಮತ್ತು ನೆಲ. ಭಾರದ ಪಕ್ಷದವರ ಲೆಕ್ಕದಲ್ಲಿ ಇವೆರಡೂ ಬರುವುದೇ ಇಲ್ಲ. ಅವರ ಪರವಾಗಿ ಒಂದು ನಿಜವನ್ನು ನಾನೇ ಹೇಳುತ್ತೇನೆ. ಉಕ್ಕು ತೊಟ್ಟವನು ಬಿದ್ದರೆ ಏಳಲಾರ, ಕುದುರೆ ಏರಿಸಲು ರಾಟೆ ಬೇಕು ಎಂಬುದೆಲ್ಲ ಕಟ್ಟುಕಥೆ. ಹದಿನೈದನೆಯ ಶತಮಾನದ ಒಳ್ಳೆಯ ಯುದ್ಧಕವಚ 20ರಿಂದ 25 ಕೆಜಿ ತೂಗುತ್ತಿತ್ತು. ಭಾರ ಮೈಯೆಲ್ಲ ಹಂಚಿಹೋಗುತ್ತಿತ್ತು. ತೊಟ್ಟವನು ಓಡಬಲ್ಲ, ಏರಬಲ್ಲ. ಆದರೆ ಎಷ್ಟು ಹೊತ್ತು? 2011ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅಂಥ ಕವಚಗಳ ಪ್ರತಿಕೃತಿ ತೊಡಿಸಿ ಜನರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡಿದರು. ನಡೆಯಲು ಬೇಕಾದ ಶಕ್ತಿ ಎರಡು ಪಟ್ಟಿಗಿಂತ ಹೆಚ್ಚಾಯಿತು.

1415ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಅಜಿಂಕೂರಿನ ಹೊಲದಲ್ಲಿ ಇದೇ ಲೆಕ್ಕ ಹೆಣಗಳಲ್ಲಿ ಬಿತ್ತು. ಆಗಷ್ಟೇ ಉತ್ತ ಹೊಲ, ಹಿಂದಿನ ರಾತ್ರಿ ಸುರಿದ ಮಳೆ. ಉಕ್ಕು ತೊಟ್ಟ ಫ್ರೆಂಚ್ ಸರದಾರರು ಆ ಕೆಸರು ತುಳಿದು ಬರುವಷ್ಟರಲ್ಲಿ ಏದುಸಿರು ಬಿಡುತ್ತಿದ್ದರು. ಇಂಗ್ಲಿಷರಲ್ಲೂ ಉಕ್ಕು ತೊಟ್ಟವರಿದ್ದರು, ಆದರೆ ಕೆಸರಿನಲ್ಲಿ ಹೆಚ್ಚು ನಡೆಯುವ ಪಾಳಿ ಎದುರಿನವರದಾಗಿತ್ತು. ಕೊನೆಗೆ ಹಗುರ ಉಡುಪಿನ ಬಿಲ್ಲುಗಾರರು ಕೊಡಲಿ, ಕೊಡತಿ ಹಿಡಿದು ಬಂದು ಆ ಸರದಾರರನ್ನು ಕೆಡವಿದರು. ಇದನ್ನು ಓದಿ ಬೇರೆಯವರಿಗೆ ಆಶ್ಚರ್ಯವಾದೀತು. ನವಲಗುಂದ, ಅಣ್ಣಿಗೇರಿಯ ಎರಿ ಹೊಲದಲ್ಲಿ ಮಳೆ ನಿಂತ ಮರುದಿನ ನಡೆದವರಿಗೆ ಆಗುವುದಿಲ್ಲ. ಹತ್ತು ಹೆಜ್ಜೆಗೆ ಒಂದೊಂದು ಕಾಲಿಗೂ ಸೇರುಗಟ್ಟಲೆ ಮಣ್ಣು ಹತ್ತುತ್ತದೆ. ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ನಡೆಯಬೇಕು. ಅಲ್ಲಿ ಚಪ್ಪಲಿಯೇ ಹೆವಿ ಆರ್ಮರ್.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬರೆದವರಿಗೆ ಬಿಸಿಲಿನ ವಿಷಯ ಗೊತ್ತಿಲ್ಲ ಎಂದಲ್ಲ. ಆಟ ನಡೆಸುವವನಿಗೆಂದೇ ಬರೆದ ಬೇರೊಂದು ಪುಸ್ತಕದಲ್ಲಿ ನಿಯಮವಿದೆ: ಬಿಸಿ 100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಎಂದರೆ ನಮ್ಮ ಲೆಕ್ಕದ 38 ಡಿಗ್ರಿ ಆಸುಪಾಸಿನಲ್ಲಿ, ಭಾರದ ಕವಚ ತೊಟ್ಟವರು ಬೇಗ ಬಳಲುತ್ತಾರೆ. ನಮ್ಮ ಗುಂಪಿನಲ್ಲಿ ಆ ಪುಟವನ್ನು ಯಾರೂ ತೆರೆಯಲಿಲ್ಲ. ಏಪ್ರಿಲ್ ತಿಂಗಳು, ಫ್ಯಾನು ನಿಂತ ಕೋಣೆ, ಬನಿಯನ್ನಿನಲ್ಲಿ ಕೂತು ನಾವು ನಮ್ಮ ಪಾತ್ರಗಳಿಗೆ ಉಕ್ಕು ತೊಡಿಸುತ್ತಿದ್ದೆವು.

ಇಷ್ಟು ಹೇಳಿದ ಮೇಲೆ ಭಾರದ ಪಕ್ಷದವರು ತಮ್ಮ ಬ್ರಹ್ಮಾಸ್ತ್ರ ತೆಗೆಯುತ್ತಾರೆ. "ಕರ್ಣಗ ಕವಚ ಇದ್ದಿದ್ರ ಸಾಯ್ತಿದ್ನೇನು?" ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಪಂಪನ ತಾಯಿಯ ತೌರು ಅಣ್ಣಿಗೇರಿ, ಕುಮಾರವ್ಯಾಸನ ಊರು ಕೋಳಿವಾಡ. ನಮ್ಮ ಜಿಲ್ಲೆಯವರು ಈ ಪ್ರಶ್ನೆಗೆ ಉತ್ತರ ಕೊಡದೆ ಹೋದರೆ ಹೇಗೆ? ನನ್ನ ಉತ್ತರ ಇಷ್ಟು. ಕರ್ಣನ ಕವಚ ಹೆವಿ ಆರ್ಮರ್ ಅಲ್ಲವೇ ಅಲ್ಲ. ಅದು ಹುಟ್ಟಿನಿಂದ ಬಂದದ್ದು, ಚರ್ಮದಂತೆ ಮೈಗೆ ಅಂಟಿದ್ದು. ಅದಕ್ಕೆ ತೂಕವಿಲ್ಲ, ಸೆಕೆಯಿಲ್ಲ, ಬೆಲೆಯಿಲ್ಲ. ಕೊಟ್ಟಾಗ ಕೊಯ್ದುಕೊಡಬೇಕಾಯಿತು ಎಂಬುದೇ ಅದರ ಮಾತು. ಜಗತ್ತಿನ ಅತಿ ಹಗುರ ಕವಚವೆಂದರೆ ಅದು. ಮತ್ತೆ, ಕೊನೆಯ ದಿನ ಅವನನ್ನು ಹಿಡಿದು ನಿಲ್ಲಿಸಿದ್ದು ಯಾವುದು? ನೆಲ. ರಥದ ಗಾಲಿ ಹೂತಿತು, ಅವನು ಇಳಿದು ಎತ್ತಲು ಹೋದ. ಕವಚ ಹೋಗಿಯೂ ಅಷ್ಟು ದಿನ ಕಾದಾಡಿದವನು, ಹೂತ ಭಾರವನ್ನು ಎತ್ತಲು ಹೋದಾಗ ಸತ್ತ. ಈ ಕಥೆಯನ್ನು ಭಾರದ ಪಕ್ಷದವರು ತಮ್ಮದೆಂದು ಹೇಳಿಕೊಳ್ಳುವುದು ನನಗೆ ಇನ್ನೂ ಅರ್ಥವಾಗಿಲ್ಲ.

ನಮ್ಮ ಆಟದವರಿಗೂ ಈ ಅರಿವಿತ್ತು. ದೊಡ್ಡಾಟದ ವೀರ ರಂಗಕ್ಕೆ ಬಂದಾಗ ಕಿರೀಟ, ಭುಜಕೀರ್ತಿ, ಎದೆಗಟ್ಟು ಎಲ್ಲ ಲೋಹದ ಗುಡ್ಡದಂತೆ ಹೊಳೆಯುತ್ತವೆ. ಮುಟ್ಟಿ ನೋಡಿ, ಹಗುರ ಕಟ್ಟಿಗೆ, ಅದರ ಮೇಲೆ ಬಣ್ಣದ ಬೇಗಡೆ. ಬೆಳತನಕ ಕುಣಿಯಬೇಕಾದವನಿಗೆ ಬೇರೆ ದಾರಿಯಿಲ್ಲ. ಕಣ್ಣಿಗೆ ಭಾರ, ಮೈಗೆ ಹಗುರ. ಆ ಬಡಗಿಗಳು ಕವಚವನ್ನು ತೊಡುವವನ ಕಡೆಯಿಂದ ಯೋಚಿಸಿದರು. ಗೇಮು ಮಾಡುವವರು ನೋಡುವವನ ಕಡೆಯಿಂದ ಯೋಚಿಸುತ್ತಾರೆ.

ಈಗ ಆಯ್ಕೆಯ ಮಾತು. ಕರ್ನಾಟಕದ ಊರೂರಿನಲ್ಲಿ ನಿಂತಿರುವ ಸಾವಿರಾರು ವೀರಗಲ್ಲುಗಳನ್ನು ಒಮ್ಮೆ ಈ ಕಣ್ಣಿನಿಂದ ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರು, ಮೇಲೆ ಶಿವಸನ್ನಿಧಿ. ತುರುಗಳನ್ನು ಬಿಡಿಸಲು ಹೋಗಿ ಸತ್ತವರ ಎಷ್ಟೋ ಕಲ್ಲುಗಳಲ್ಲಿ ವೀರನ ಮೈಮೇಲೆ ಇರುವುದು ಸೊಂಟಕ್ಕೆ ಬಿಗಿದ ತುಂಡು ಬಟ್ಟೆ, ಕೈಯಲ್ಲಿ ಬಿಲ್ಲೋ ಕತ್ತಿಯೋ. ಕೆಲವು ಕಲ್ಲುಗಳಲ್ಲಿ ಎದುರಿನಲ್ಲಿ ಕುದುರೆ ಏರಿದವನೂ ಇದ್ದಾನೆ. ಪಾಯೆಸ್ ಬಣ್ಣಿಸಿದ ಅಂಗಿಗಳೂ ರಾವುತರ ಮೈಮೇಲಿನವು ಎಂಬುದನ್ನು ನೆನಪಿಡಿ. ಭಾರದ ಕವಚ ತೊಟ್ಟವನ ಕೆಳಗೆ ಸಾಮಾನ್ಯವಾಗಿ ಒಂದು ಕುದುರೆ ಇರುತ್ತದೆ, ಹಿಂದೆ ಕವಚ ಹೊತ್ತು ತರುವ ಆಳು ಇರುತ್ತಾನೆ. ಅವನ ಭಾರವನ್ನು ಬೇರೆ ಯಾರೋ ಹೊರುತ್ತಿರುತ್ತಾರೆ. ಊರ ದನ ಬಿಡಿಸಲು ಓಡಿದವನಿಗೆ ಹಗುರವೋ ಭಾರವೋ ಎಂದು ಯಾರೂ ಕೇಳಲಿಲ್ಲ. ಸತ್ತ ಮೇಲೆ ಕಲ್ಲು ನಿಲ್ಲಿಸಿದರು.

ಹಾಗೆ ಕೇಳಿಸಿಕೊಳ್ಳದವರು ಇವತ್ತೂ ಇದ್ದಾರೆ. ನನ್ನೂರು ಬಮ್ಮಿಗಟ್ಟಿ, ಕಲಘಟಗಿ ತಾಲೂಕು. ನಮ್ಮ ಭಾಗದ ಬೆಳೆ ಭತ್ತ, ಗೋವಿನಜೋಳ, ಹತ್ತಿ, ಸೋಯಾ. 2018ರಲ್ಲಿ ದೇಶದಲ್ಲೇ ಮೊದಲು ನಮ್ಮ ರಾಜ್ಯದ ಶಿವಮೊಗ್ಗದಲ್ಲಿ ಕಾಣಿಸಿಕೊಂಡ, ಅಮೆರಿಕ ಖಂಡದ ಮೂಲದ ಒಂದು ಹುಳು ಗೋವಿನಜೋಳದ ಸುಳಿಗೆ ಬಿತ್ತು. ಅದರ ಹೆಸರೇ ಸೈನಿಕ ಹುಳು. ಆ ಸೈನ್ಯದ ಎದುರು ನಮ್ಮವರು ಹೊರಡುವ ವೇಷ ಹೇಗಿರುತ್ತದೆ ಗೊತ್ತೇ? ಮೈಗೆ ಹಳೆ ಅಂಗಿ, ಮಡಿಚಿದ ಪ್ಯಾಂಟು, ಬರಿಗಾಲು, ಬಾಯಿಗೆ ಒಂದು ಟಾವೆಲ್. ಬೆನ್ನಿಗೆ ಎಣ್ಣಿ ಹೊಡೆಯುವ ಪಂಪು. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣಿ ಎನ್ನುತ್ತಾರೆ. ಪಂಪಿನಲ್ಲಿ 16 ಲೀಟರ್ ನೀರು, ಪಂಪಿನ ತೂಕ ಸೇರಿ ಸುಮಾರು 20 ಕೆಜಿ.

ಆ 20 ಕೆಜಿಯನ್ನು ಮೇಲಿನ ಲೆಕ್ಕದ ಪಕ್ಕ ಇಟ್ಟು ನೋಡಿ. ಯುರೋಪಿನ ಸರದಾರನ ಪೂರ್ಣ ಉಕ್ಕಿನ ಕವಚದ ತೂಕಕ್ಕೆ ಹತ್ತಿರ ಹತ್ತಿರ ಸಮ. ನಮ್ಮ ಹೊಲದ ಆಳು ಹೆವಿ ಆರ್ಮರ್‌ನ ಪೂರ್ತಿ ತೂಕ ಹೊರುತ್ತಾನೆ, ಅದರಲ್ಲಿ ಒಂದು ಗುಂಜಿಯೂ ಅವನ ಮೈ ಕಾಯುವುದಿಲ್ಲ. ಕಾಯುವುದು ಬೆಳೆಯನ್ನು. ಸೋರಿದರೆ ಅವನ ಬೆನ್ನ ಮೇಲೇ ಸೋರುತ್ತದೆ. ವಿಷ ಮೈಗೆ ಹೋಗುವ ದೊಡ್ಡ ದಾರಿ ಮೂಗಲ್ಲ, ಚರ್ಮ. ಬಾಯಿಗೆ ಕಟ್ಟಿದ ಟಾವೆಲ್ ನೆನೆದರೆ ವಿಷವನ್ನು ತುಟಿಯ ಹತ್ತಿರವೇ ಹಿಡಿದಿಟ್ಟುಕೊಳ್ಳುತ್ತದೆ. ಎಕರೆಗೆ ಹತ್ತು ಹನ್ನೆರಡು ಪಂಪು. ಪಂಪಿಗಿಷ್ಟು ಎಂದು ಮಾತಾಡಿಕೊಂಡವನಿಗೆ ನಡಿಗೆ ನಿಧಾನವಾದಷ್ಟೂ ಪಗಾರ ಕಡಿಮೆ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಹತ್ತಿ ಹೊಲಗಳಲ್ಲಿ ಹೀಗೆ ಎಣ್ಣಿ ಹೊಡೆಯುತ್ತಿದ್ದವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ವಿಷವೇರಿ ಸತ್ತರು. ನೂರಾರು ಜನ ಆಸ್ಪತ್ರೆ ಸೇರಿದರು. ಆಗಲೂ ಕೇಳಿಬಂದ ಮಾತು ಯಾವುದು? ಅವರು ಸುರಕ್ಷತಾ ಉಡುಪು ತೊಡಲಿಲ್ಲ, ಅಸಡ್ಡೆ ಮಾಡಿದರು. ಭಾರದ ಪಕ್ಷದವರ ವಾದ ಹಾಸ್ಟೆಲ್ ಕೋಣೆಯಿಂದ ಹೊರಬಂದು ಹೊಲಕ್ಕೆ ಇಳಿದದ್ದು ಹೀಗೆ. ಕವಚ ಇದೆ, ತೊಡದವನದೇ ತಪ್ಪು.

ಯಾವ ಕವಚ ಇದೆ? 1971ರ ಕೀಟನಾಶಕ ನಿಯಮಗಳಲ್ಲಿ ಪಟ್ಟಿಯೇ ಇದೆ: ವಿಷ ಒಳಗಿಳಿಯದ ಬಟ್ಟೆಯ ಮೇಲಂಗಿ, ತಲೆಗೆ ಮುಸುಕು ಅಥವಾ ಟೋಪಿ, ಮುಂಗೈ ಅರ್ಧದವರೆಗೆ ಬರುವ ರಬ್ಬರ್ ಕೈಚೀಲ, ಧೂಳು ನುಗ್ಗದ ಕನ್ನಡಕ, ಬೂಟು. ಗೇಮಿನ ಹೆವಿ ಆರ್ಮರ್ ಸೆಟ್‌ನ ಪಟ್ಟಿ ಓದಿದಂತಿದೆ. ಶಿರಸ್ತ್ರಾಣ, ಎದೆ, ಕೈ, ಕಾಲು, ಒಂದೂ ಬಿಟ್ಟಿಲ್ಲ. ಉದ್ದೇಶ ಒಳ್ಳೆಯದೇ, ನಿಯಮ ಇರಬೇಕಾದದ್ದೇ. ಆದರೆ ಇದನ್ನೆಲ್ಲ ರಬ್ಬರು, ಪ್ಲಾಸ್ಟಿಕ್ಕಿನಲ್ಲಿ ಹೊಲಿದು, ಬೆನ್ನಿಗೆ 20 ಕೆಜಿ ಏರಿಸಿ, ಮಳೆ ನಿಂತ ಮೇಲಿನ ಧಗೆಯಲ್ಲಿ, ಎದೆಯುದ್ದ ಬೆಳೆದ ಪೈರಿನ ನಡುವೆ ಎಕರೆಗಟ್ಟಲೆ ನಡೆಯಿರಿ ಎಂದರೆ? ನಮ್ಮ ಕಾಕಾ ಒಂದೇ ಮಾತಿನಲ್ಲಿ ಮುಗಿಸಿದ್ದ: "ಆ ರಬ್ಬರ ಅಂಗಿ ಹಾಕ್ಕೊಂಡ್ರ ಎಣ್ಣಿಗಿಂತ ಮೊದ್ಲ ಬಿಸಲಾ ಕೊಲ್ಲತೈತಿ ನೋಡ ತಮ್ಮಾ." ಇದು ಅಸಡ್ಡೆಯ ಮಾತಲ್ಲ. ಎರಡು ಅಪಾಯಗಳ ತೂಕ ನೋಡಿದವನ ಮಾತು. ಲೀಡ್ಸಿನ ಟ್ರೆಡ್‌ಮಿಲ್ ಹೇಳಿದ್ದನ್ನೇ ಅವನ ಮೈ ಹೇಳಿತ್ತು.

ಸ್ಕೈರಿಮ್‌ನಲ್ಲಿ ಒಂದು ವರವಿದೆ. ಹೆವಿ ಆರ್ಮರ್ ವಿದ್ಯೆಯಲ್ಲಿ 70ನೆಯ ಮಟ್ಟ ಮುಟ್ಟಿದರೆ ಅದನ್ನು ಪಡೆಯಬಹುದು. ಆಮೇಲೆ ತೊಟ್ಟ ಕವಚಕ್ಕೆ ತೂಕವೇ ಇರುವುದಿಲ್ಲ, ನಡಿಗೆಯೂ ನಿಧಾನವಾಗುವುದಿಲ್ಲ. ಹಗುರ ಕವಚಕ್ಕೂ ಅಂಥ ವರ 50ರಲ್ಲಿ ಸಿಗುತ್ತದೆ ಎನ್ನಿ. ಆದರೆ ಹೆವಿ ಆರ್ಮರ್‌ನ ವರದಲ್ಲಿ ಅಡಗಿರುವ ನಂಬಿಕೆ ನನ್ನನ್ನು ಕೆರಳಿಸುತ್ತದೆ: ಹೊತ್ತು ಹೊತ್ತು ರೂಢಿಯಾದರೆ ಭಾರ ಮಾಯವಾಗುತ್ತದೆ ಎಂಬ ನಂಬಿಕೆ. "ರೂಢಿ ಆಕ್ಕೈತಿ ಬಿಡ್ರಿ" ಎಂದು ಕಟ್ಟೆಯ ಮೇಲೆ ಕೂತವರು ಹೊಲದಲ್ಲಿ ನಿಂತವರ ಬಗ್ಗೆ ಹೇಳುವ ಮಾತು ಇದೇ. ಭಾರ ರೂಢಿಯಾಗುವುದಿಲ್ಲ. ಬೆನ್ನು ಬಾಗುತ್ತದೆ, ಅಷ್ಟೇ.

ಹಾಗಾದರೆ ಹಗುರ ಕವಚದ ಪಕ್ಷ ಏನು ಹೇಳುತ್ತದೆ? ಕವಚ ಬೇಡ ಎನ್ನುವುದಿಲ್ಲ. ಬರಿಮೈ ವೀರತನವನ್ನು ಹೊಗಳುವುದು ವೀರಗಲ್ಲಿನ ಅಪ್ಸರೆಯರಿಗೆ ಬಿಟ್ಟ ಕೆಲಸ. ತೊಡಲಾಗದ ಕವಚ ಎಷ್ಟೇ ಗಟ್ಟಿಯಾಗಿದ್ದರೂ ಅದರ ರಕ್ಷಣೆ ಸೊನ್ನೆ. ದಿನವಿಡೀ ತೊಡಬಹುದಾದ ಕವಚ ಅರ್ಧವೇ ಕಾದರೂ ಅರ್ಧ ಕಾಯಿತು. ಕವಚವನ್ನು ಅಳೆಯಬೇಕಾದದ್ದು ಅದು ಎಷ್ಟು ತಡೆಯುತ್ತದೆ ಎಂಬುದೊಂದರಿಂದಲೇ ಅಲ್ಲ. ಎಷ್ಟು ಹೊತ್ತು ಮೈಮೇಲೆ ಉಳಿಯುತ್ತದೆ ಎಂಬುದನ್ನೂ ಅದಕ್ಕೆ ಗುಣಿಸಿ ನೋಡಬೇಕು. ಈ ಲೆಕ್ಕ ಯಾವ ಗೇಮಿನ ಕೋಷ್ಟಕದಲ್ಲೂ ನನಗೆ ಕಂಡಿಲ್ಲ.

ಅಂಥದ್ದೊಂದು ಕವಚ ಮಾಡಲು ಆಗುವುದೇ ಇಲ್ಲ ಎನ್ನುವಂತೆಯೂ ಇಲ್ಲ. 2024ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ರೂಪುಗೊಂಡ ಒಂದು ಉಡುಪು ಬಿಡುಗಡೆಯಾಯಿತು. ಅದರ ಹೆಸರೇ ಕಿಸಾನ್ ಕವಚ್. ಅದು ವಿಷವನ್ನು ಗೋಡೆ ಕಟ್ಟಿ ತಡೆಯುವ ರಬ್ಬರ್ ಅಲ್ಲ; ಹತ್ತಿ ಬಟ್ಟೆಯ ನೂಲಿಗೇ ಒಂದು ರಾಸಾಯನಿಕವನ್ನು ಕೂಡಿಸಿದ್ದಾರೆ. ಕೀಟನಾಶಕ ತಾಗಿದ ಕೂಡಲೇ ಅದನ್ನು ಒಡೆದು ನಿರ್ವಿಷ ಮಾಡುವುದು ಅದರ ಕೆಲಸ. ತೊಳೆದು ಮತ್ತೆ ತೊಡಬಹುದು. ಗೇಮಿನ ಕೋಷ್ಟಕದ ತಳದಲ್ಲಿ ಬಿದ್ದಿದ್ದ ಬಟ್ಟೆಯ ಕವಚ ಪ್ರಯೋಗಾಲಯದಿಂದ ಎದ್ದು ಬಂತು. ಹಗುರ ಕವಚದ ಪಕ್ಷಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಬೆಲೆ ನೋಡಿ: ಬಿಡುಗಡೆಯಾದಾಗ 4,000 ರೂಪಾಯಿ. 2024-25ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ. ಹನ್ನೊಂದೂವರೆ ದಿನದ ದುಡಿಮೆ. 7,500 ದಿನದ ಉಕ್ಕಿಗೆ ಹೋಲಿಸಿದರೆ ಏನೂ ಅಲ್ಲ, ಆದರೆ ಈ ದಿನಗಳಲ್ಲಿ ಉಣ್ಣಬೇಕು, ಮಕ್ಕಳ ಫೀ ಕಟ್ಟಬೇಕು. ಸಬ್ಸಿಡಿ ಕೊಟ್ಟರಾಯಿತಲ್ಲ ಎನ್ನುತ್ತೀರಿ. ರೈತ ಸಂಪರ್ಕ ಕೇಂದ್ರದಲ್ಲಿ ಬೀಜ, ಔಷಧಕ್ಕೆ ಸಬ್ಸಿಡಿ ಸಿಗುವುದು ಹೊಲದ ಉತಾರದ ಮೇಲೆ. ಪಂಪು ಹೊರುವವರಲ್ಲಿ ಅನೇಕರಿಗೆ ಉತಾರವೇ ಇಲ್ಲ. ಹೊಲ ಬೇರೆಯವರದು, ಬೆನ್ನು ಮಾತ್ರ ತಮ್ಮದು. ನಾಳೆ ಈ ಕವಚವೂ ಉತಾರ ಇದ್ದವನ ಹೆಸರಿಗೆ ಬಂದು, ಅವನ ಮನೆಯ ಗೂಟದಲ್ಲಿ ಜೋತು ಬಿದ್ದಿದ್ದರೆ, ವಿಜಯನಗರದ ಮೆರವಣಿಗೆಗೂ ನಮಗೂ ಏನು ವ್ಯತ್ಯಾಸ ಉಳಿಯಿತು? ಕುದುರೆ ಇದ್ದವನಿಗೇ ಕವಚ.

"ಗೇಮು ಗೇಮ್ ಅಷ್ಟ, ಯಾಕಿಷ್ಟು ತಲಿ ಕೆಡಿಸ್ಕೋತಿ?" ಎಂದು ದೋಸ್ತರು ಕೇಳುತ್ತಾರೆ. ಗೇಮನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ, ನಾನೂ ಬಿಟ್ಟಿಲ್ಲ. ಕವಚಕ್ಕೆ ತೂಕವಿದೆ, ತೂಕಕ್ಕೆ ಬೆಲೆ ತೆರಬೇಕು ಎಂದು ಎಳೆಯರಿಗೆ ಅಂಕಿಯಲ್ಲಿ ತೋರಿಸುವ ಕಲೆ ಇನ್ನೊಂದಿಲ್ಲ. ಕಾವ್ಯ ಕೂಡ ಇಷ್ಟು ನಿಖರವಾಗಿ ಹೇಳುವುದಿಲ್ಲ. ಅದಕ್ಕಾಗಿಯೇ ಆ ಅಂಕಿಗಳು ಸುಳ್ಳು ಹೇಳಿದಾಗ ಸಿಟ್ಟು ಬರುತ್ತದೆ. ಭಾರವೆಂದರೆ ಬಲ, ಹಗುರವೆಂದರೆ ಕಳ್ಳತನ, ಬಟ್ಟೆಯೆಂದರೆ ಬಡತನ ಎಂದು ಕಲಿತ ಹುಡುಗನೇ ನಾಳೆ ಕೃಷಿ ಅಧಿಕಾರಿಯಾಗುತ್ತಾನೆ, ಪತ್ರಕರ್ತನಾಗುತ್ತಾನೆ, ಆಸ್ಪತ್ರೆಯ ವಾರ್ಡಿನಲ್ಲಿ ನಿಂತು "ಯಾಕ ಹಾಕ್ಕೊಂಡಿರಲಿಲ್ಲ?" ಎಂದು ಕೇಳುತ್ತಾನೆ.

ಆ ಪ್ರಶ್ನೆಯನ್ನು ಮಲಗಿದವನಿಗೆ ಕೇಳಬಾರದು. ಎಣ್ಣಿಯ ಡಬ್ಬಿ ಮಾರುವ ಅಂಗಡಿಯಲ್ಲಿ ಪಕ್ಕದ ಗೂಟಕ್ಕೆ ಈ ಹತ್ತಿ ಅಂಗಿ ಯಾಕೆ ತೂಗುವುದಿಲ್ಲ ಎಂದು ಕೇಳಬೇಕು. ಉತಾರವಿಲ್ಲದವನ ಹೆಸರಿನಲ್ಲಿ, ಅವನ ಅಳತೆಗೆ ಒಂದು ಕವಚ ಪಂಚಾಯಿತಿಯಿಂದ ಯಾಕೆ ಬರುವುದಿಲ್ಲ ಎಂದು ಕೇಳಬೇಕು. ಅದನ್ನು ಹೊಲಿಯುವವರು ಒಮ್ಮೆ ಬೆನ್ನಿಗೆ ತುಂಬಿದ ಪಂಪು ಏರಿಸಿಕೊಂಡು, ಗೋವಿನಜೋಳದ ಸಾಲಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆದು ನೋಡಿದ್ದಾರೆಯೇ ಎಂದು ಕೇಳಬೇಕು. ನಡೆದು ನೋಡಿದವರು ಯಾರೂ ಭಾರದ ಪಕ್ಷ ಸೇರುವುದಿಲ್ಲ.